ಗಾಜಿನೊಳಗೆ ಹೋದ ಪಲ್ಸ್ ಯಾಕೆ ಉದ್ದವಾಗುತ್ತೆ?

2023ರ ಭೌತಶಾಸ್ತ್ರದ ನೊಬೆಲ್ ಪಿಯರ್ ಅಗೊಸ್ಟಿನಿ, ಫೆರೆಂಟ್ಸ್ ಕ್ರೌಸ್ ಮತ್ತು ಆನ್ ಲ್ಯುಲಿಯೆ ಅವರಿಗೆ ಬಂದಾಗ ಸುದ್ದಿಗಳಲ್ಲಿ ಓದಿದ್ದು ಬೆಳಕಿನ ಅತಿ ಗಿಡ್ಡ ಪಲ್ಸ್‌ಗಳ ಬಗ್ಗೆ. ಅಂಥ ಪಲ್ಸ್ ಹುಟ್ಟಿಸೋದು ಅರ್ಧ ಕೆಲಸ, ಅದು ದಾರಿಯಲ್ಲಿ ಉದ್ದವಾಗದ ಹಾಗೆ ನೋಡಿಕೊಳ್ಳೋದು ಇನ್ನರ್ಧ. ಈ ಎರಡನೇ ಅರ್ಧದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ಕಡಿಮೆ. ಅದಕ್ಕೇ ಈ ಬರಹ.

ಲೇಸರ್ ಅಂದ್ರೆ ಒಂದೇ ಬಣ್ಣದ ಬೆಳಕು ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಮೋಡ್-ಲಾಕ್ ಲೇಸರ್ ಹಾಗಲ್ಲ. ಎದುರುಬದುರು ಕನ್ನಡಿಗಳ ನಡುವೆ ಲಕ್ಷಗಟ್ಟಲೆ ಆವರ್ತನಗಳು ಒಟ್ಟಿಗೆ ಓಡಾಡುತ್ತಿರುತ್ತವೆ. ಡೊಳ್ಳಿನ ತಂಡದವರೆಲ್ಲ ಒಂದೇ ಕ್ಷಣಕ್ಕೆ ಹೊಡೆದ ಹಾಗೆ, ಆ ಅಲೆಗಳ ಏರು ಒಂದೇ ಕಡೆ ಕೂಡಿದಾಗ ಅಲ್ಲೊಂದು ಪಲ್ಸ್. ಕನ್ನಡಿಗಳ ನಡುವೆ ಒಂದೂವರೆ ಮೀಟರ್ ಇದ್ದರೆ ಸೆಕೆಂಡಿಗೆ 10 ಕೋಟಿ ಪಲ್ಸ್ ಹೊರಬೀಳುತ್ತವೆ. 1991ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ವಿಲ್ಸನ್ ಸಿಬೆಟ್ ತಂಡ ಟೈಟಾನಿಯಂ ಬೆರೆತ ನೀಲಮಣಿ ಹರಳಿನಿಂದ 60 ಫೆಮ್ಟೊಸೆಕೆಂಡಿನ ಪಲ್ಸ್ ಪಡೆಯಿತು. 1ರ ಮುಂದೆ 15 ಸೊನ್ನೆ ಹಾಕಿ, ಅದರಿಂದ ಸೆಕೆಂಡನ್ನು ಭಾಗಿಸಿದರೆ ಒಂದು ಫೆಮ್ಟೊಸೆಕೆಂಡ್. ಹತ್ತು ಫೆಮ್ಟೊಸೆಕೆಂಡಿನಲ್ಲಿ ಬೆಳಕು ಕೂಡ 3 ಮೈಕ್ರೊಮೀಟರ್ ಮಾತ್ರ ಸಾಗುತ್ತೆ. ತಲೆಕೂದಲಿನ ದಪ್ಪವನ್ನೂ ದಾಟೋದಿಲ್ಲ.

ಪಲ್ಸ್ ಗಿಡ್ಡವಾದಷ್ಟೂ ಅದರೊಳಗೆ ಹೆಚ್ಚು ಬಣ್ಣ ಬೇಕು. 800 ನ್ಯಾನೊಮೀಟರಿನ ಸುತ್ತ 10 ಫೆಮ್ಟೊಸೆಕೆಂಡಿನ ಪಲ್ಸ್ ಬೇಕಂದ್ರೆ ಸುಮಾರು 94 ನ್ಯಾನೊಮೀಟರ್ ಅಗಲದ ಬಣ್ಣಪಟ್ಟಿ ಬೇಕು. ತೊಂದರೆ ಶುರುವಾಗೋದೇ ಇಲ್ಲಿ. ಗಾಜಿನಲ್ಲಿ ಕೆಂಪು ಬೇಗ ಸಾಗುತ್ತೆ, ನೀಲಿ ತಡ. (ಇದು ಕಣ್ಣಿಗೆ ಸರಿಯಾಗಿ ಕಾಣದ ಅವಕೆಂಪು ಬೆಳಕು. ಕೆಂಪು, ನೀಲಿ ಅನ್ನೋದು ಇಲ್ಲಿ ಉದ್ದ ಅಲೆಗೂ ಗಿಡ್ಡ ಅಲೆಗೂ ಇಟ್ಟ ಅಡ್ಡಹೆಸರು.) 100 ಫೆಮ್ಟೊಸೆಕೆಂಡಿನ ಪಲ್ಸ್ ಒಂದು ಸೆಂಟಿಮೀಟರ್ ದಪ್ಪದ ಸಿಲಿಕಾ ಗಾಜನ್ನು ದಾಟಿದರೆ ಹೆಚ್ಚುಕಡಿಮೆ ಹಾಗೇ ಹೊರಬರುತ್ತೆ. ಅದೇ ಗಾಜಿಗೆ 10 ಫೆಮ್ಟೊಸೆಕೆಂಡಿನದನ್ನು ಕಳಿಸಿ ನೋಡಿ, ಆಚೆ ಬರುವಾಗ ಅದೂ 100 ಆಗಿರುತ್ತೆ! ಹತ್ತು ಪಟ್ಟು ಗಿಡ್ಡ ಮಾಡಲು ಪಟ್ಟ ಕಷ್ಟವನ್ನೆಲ್ಲ ಒಂದು ಮಸೂರ ನುಂಗಿಹಾಕುತ್ತೆ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಜೀವಂತ ಕೋಶಗಳನ್ನು ಎರಡು-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸ. ಚಿತ್ರ ಮಂಕಾಗಿತ್ತು. ಲೇಸರಿನ ಪವರ್ ಏರಿಸಿದೆ, ಚಿತ್ರ ಬಂತು, ಕೋಶಗಳು ಸತ್ತವು. ಮರುದಿನ ಬೇರೆ ತಟ್ಟೆ, ಅದೇ ಕಥೆ. ಕೊನೆಗೆ ಹಿರಿಯರೊಬ್ಬರು ಬಂದು ನಿಂತು, "ಪೆಟ್ಟಿಗೆ ಮೇಲೆ ಬರೆದದ್ದು ಬಿಡಪ್ಪ, ಕೋಶದ ಹತ್ರ ಪಲ್ಸ್ ಎಷ್ಟಿದೆ?" ಅಂತ ಕೇಳಿದರು. ನಾನು ಅಳೆದೇ ಇರಲಿಲ್ಲ. ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್‌ನಲ್ಲಿ ಸೆಂಟಿಮೀಟರ್‌ಗಟ್ಟಲೆ ಗಾಜು ಇರುತ್ತೆ. ಪಲ್ಸ್ ಹತ್ತು ಪಟ್ಟು ಉದ್ದವಾದರೆ ಈ ಬಗೆಯ ಸಿಗ್ನಲ್ ಹತ್ತನೇ ಒಂದಕ್ಕೆ ಇಳಿಯುತ್ತೆ. ಅದನ್ನು ಸರಿಗಟ್ಟಲು ಪವರ್ ಮೂರು ಪಟ್ಟಿಗೂ ಮೇಲೆ ಏರಿಸಬೇಕು. ಕೋಶ ತಡೆಯೋದಿಲ್ಲ.

ಪರಿಹಾರ ಹಳೆಯದೇ. ಜಾತ್ರೆಗೆ ಹೊರಟ ಗುಂಪಿನಲ್ಲಿ ಹುಡುಗರು ಮುಂದೆ ಓಡಿದರೆ ಅವರನ್ನು ಕೆರೆ ಸುತ್ತಿ ಬನ್ನಿ ಅಂತ ಕಳಿಸೋ ಹಾಗೆ, ಕೆಂಪನ್ನು ದೂರದ ದಾರಿಗೆ ಹಾಕೋದು. 1984ರಲ್ಲಿ ಬೆಲ್ ಲ್ಯಾಬ್ಸ್‌ನ ಫೋರ್ಕ್, ಮಾರ್ಟಿನೆಜ್, ಗೋರ್ಡನ್ ಇದಕ್ಕೆ ಪ್ರಿಸಮ್ ಜೋಡಿ ಬಳಸಿ ತೋರಿಸಿದರು. ಮೊದಲ ಪ್ರಿಸಮ್ ಬಣ್ಣಗಳನ್ನು ಬಿಡಿಸುತ್ತೆ. ತಲೆಕೆಳಗಾಗಿ ನಿಂತ ಎರಡನೆಯದರಲ್ಲಿ ನೀಲಿ ತೆಳುವಾದ ತುದಿಯಲ್ಲಿ ನುಸುಳಿ ಹೋಗುತ್ತೆ, ಕೆಂಪು ದಪ್ಪನೆಯ ಕಡೆ ಗಾಜು ದಾಟಿ ತಡವಾಗುತ್ತೆ. ಕನ್ನಡಿಯಿಂದ ಅದೇ ದಾರಿಯಲ್ಲಿ ವಾಪಸ್ ಕಳಿಸಿದರೆ ಬಣ್ಣಗಳು ಮತ್ತೆ ಒಂದಾಗುತ್ತವೆ. ಪ್ರಿಸಮ್ ಜೋಡಿ ಲೇಸರಿನ ಒಳಗೂ ಬೇಕು. ಅಲ್ಲಿ ಬೆಳಕು ಹರಳನ್ನು ಮತ್ತೆ ಮತ್ತೆ ಹಾಯುತ್ತಲ್ಲ, ಪ್ರತಿ ಸುತ್ತಿನಲ್ಲೂ ಲೆಕ್ಕ ಚುಕ್ತಾ ಆಗಬೇಕು.

ಆದರೆ ಪ್ರಿಸಮ್ ಎಲ್ಲ ಬಣ್ಣಗಳನ್ನೂ ಕರಾರುವಾಕ್ಕಾಗಿ ಕೂಡಿಸೋದಿಲ್ಲ. ಹತ್ತು ಫೆಮ್ಟೊಸೆಕೆಂಡಿನ ಆಸುಪಾಸಿಗೆ ಬಂದಾಗ ಉಳಿದ ಸಣ್ಣ ತಪ್ಪೂ ಕಾಡುತ್ತೆ. 1994ರಲ್ಲಿ ಸಿಪೋಚ್, ಕ್ರೌಸ್ ಮತ್ತು ಜೊತೆಗಾರರು ಚರ್ಪ್ ಕನ್ನಡಿಗಳನ್ನು ತಂದರು. ಅದರ ಮೈಮೇಲೆ ದಪ್ಪ ಬದಲಾಗುತ್ತಾ ಹೋಗುವ ಹತ್ತಾರು ಪದರಗಳು, ಕೆಂಪು ಆಳಕ್ಕಿಳಿದು ತಿರುಗಿ ಬರುತ್ತೆ, ನೀಲಿ ಮೇಲಿಂದಲೇ ವಾಪಸ್. ಈ ಕ್ರೌಸ್ ಅವರೇ 2023ರ ಕ್ರೌಸ್.

ಇದೇ ಚದುರುವಿಕೆಯನ್ನು ಬೇಕಂತಲೇ ಮಾಡಿದವರೂ ಇದ್ದಾರೆ. 1985ರಲ್ಲಿ ಡೊನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಪಲ್ಸನ್ನು ಮೊದಲು ಉದ್ದಕ್ಕೆ ಎಳೆದು, ವರ್ಧಿಸಿ, ಆಮೇಲೆ ಗ್ರೇಟಿಂಗ್ ಜೋಡಿಯಿಂದ ಒತ್ತಿದರು. ಹಾಗೆ ಮಾಡದಿದ್ದರೆ ವರ್ಧಕದ ಹರಳೇ ಸುಟ್ಟುಹೋಗೋ ಅಪಾಯ. 2018ರಲ್ಲಿ ಅವರಿಗೂ ನೊಬೆಲ್ ಬಂತು.

ನಮ್ಮ ಮೇಜಿನ ಮೇಲೆ ಕೊನೆಗೆ ಕೂತದ್ದು ಎರಡು ಪ್ರಿಸಮ್, ಒಂದು ಕನ್ನಡಿ, ಒಂದು ಮೈಕ್ರೊಮೀಟರ್ ತಿರುಪು. ತಿರುಪು ತಿರುಗಿಸುತ್ತಾ ಪರದೆಯ ಹೊಳಪು ನೋಡೋದು. ಎಲ್ಲೋ ಒಂದು ಕಡೆ ಚಿತ್ರ ಥಟ್ಟಂತ ಬೆಳಗಿತು. ಪವರ್ ಅರ್ಧಕ್ಕೂ ಕೆಳಗೆ ಇಳಿಸಿದೆವು. ಆ ದಿನದ ತಟ್ಟೆಯ ಕೋಶಗಳು ಸಂಜೆವರೆಗೂ ಬದುಕಿದ್ದವು.