ಕೂಸಿಗೆ ಹಾಲು ಸಾಲದೆ? ಒಂದು ಹಳೆಯ ಅಂಜಿಕೆಯ ಚರಿತ್ರೆ



ಕಳೆದ ತಿಂಗಳು ಶಹಾಪುರದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಚೊಚ್ಚಲ ಹೆರಿಗೆ, ಹೆಣ್ಣು ಕೂಸು. ಹುಟ್ಟಿದಾಗ 2 ಕಿಲೊ 800 ಗ್ರಾಂ ಇದ್ದದ್ದು, ಮೂರನೆಯ ದಿನ ಆಶಾ ಕಾರ್ಯಕರ್ತೆ ತೂಗಿದಾಗ 2 ಕಿಲೊ 600ಕ್ಕೆ ಇಳಿದಿತ್ತಂತೆ. ಏಳನೆಯ ದಿನ 2 ಕಿಲೊ 620. "ಟೀಚರ್, ಕೂಸಿಗಿ ಹಾಲ ಸಾಲವಲ್ದು ಅಂತ ಮನ್ಯಾಗ ಎಲ್ಲಾರೂ ಅನ್ಲಾಕತ್ತಾರ. ಡಬ್ಬಿ ತಂದು ಇಟ್ಟಾರ" ಎಂದು ಅಳತೊಡಗಿದಳು. ಇತಿಹಾಸ ಕಲಿಸಿದವಳು ನಾನು, ವೈದ್ಯಳಲ್ಲ. ನಾಳೆಯೇ ಮಕ್ಕಳ ವೈದ್ಯರಿಗೆ ತೋರಿಸು, ಅಲ್ಲಿಯವರೆಗೆ ಕೂಸು ಕೇಳಿದಾಗಲೆಲ್ಲ ಎದೆಗೆ ಹಾಕಿಕೊ ಎಂದಷ್ಟೇ ಹೇಳಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇದೇ ಮಾತನ್ನು ನಾನು 1986ರಲ್ಲಿ ಸುರಪುರದ ತವರುಮನೆಯಲ್ಲಿ ಕೇಳಿದ್ದೆ.

ಸುರಪುರದ ಇತಿಹಾಸವೆಂದರೆ ರಾಜಾ ವೆಂಕಟಪ್ಪ ನಾಯಕ, 1858, ಗುಡ್ಡದ ಮೇಲಿನ ಟೇಲರ್ ಮಂಜಿಲ್ ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಬಾಣಂತಿ ಕೋಣೆಗೂ ಒಂದು ಇತಿಹಾಸವಿದೆ ಎಂಬುದು ನಿವೃತ್ತಿಯಾದ ಮೇಲೆ ಓದಲು ಕುಳಿತಾಗ ಹೊಳೆಯಿತು.

ಮೊದಲು ನನ್ನ ಕಥೆ. ಗಂಡು ಮಗು ಹುಟ್ಟಿತು. ಮೊದಲ ಮೂರು ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲಿಸಿ, ಕೂಸಿಗೆ ಒಳಲೆಯಲ್ಲಿ ಸಕ್ಕರೆ ನೀರು ಕುಡಿಸಿದರು. ಆಕಳು ಈದರೆ ಗಿಣ್ಣವನ್ನು ಓಣಿಗೆಲ್ಲ ಹಂಚಿ ತಿನ್ನುವ ನಾವು, ತಾಯಿಯ ಗಿಣ್ಣವನ್ನು ಮಾತ್ರ ಕೆಟ್ಟದ್ದೆಂದು ಬಚ್ಚಲಿಗೆ ಚೆಲ್ಲುತ್ತಿದ್ದೆವು! ಹಳೆಯದೆಲ್ಲ ಒಳ್ಳೆಯದಾಗಿತ್ತೆಂದು ಹೇಳುವವರ ಸಾಲಿಗೆ ನಾನು ಸೇರುವುದಿಲ್ಲ. ಹತ್ತನೆಯ ದಿನ ತಂದೆಯವರು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪರಿಚಯದ ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿಸಿ ತಂದರು. ಹುಟ್ಟಿದಾಗಿನದಕ್ಕಿಂತ 150 ಗ್ರಾಂ ಕಡಿಮೆ. ಅವ್ವ ಅಳವಿ ಪಾಯಸ, ಅಂಟಿನುಂಡಿ, ಬಳ್ಳೊಳ್ಳಿ, ಸಬ್ಬಸಿಗೆ ಪಲ್ಯ ಎಂದು ಓಡಾಡಿದಳು. ತೋರಿಸಿದ ವೈದ್ಯರು ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಹಾಲೂಡಿಸಬೇಕೆಂದೂ, ಒಂದೊಂದು ಬದಿಗೆ ಹತ್ತೇ ನಿಮಿಷವೆಂದೂ, ಸಾಲದ್ದಕ್ಕೆ ಡಬ್ಬಿಯ ಹಾಲೆಂದೂ ಬರೆದುಕೊಟ್ಟರು. ಓದಿದವಳಲ್ಲವೆ, ಅಕ್ಷರಶಃ ಪಾಲಿಸಿದೆ. ಆರು ವಾರ ತುಂಬುವಷ್ಟರಲ್ಲಿ ನನ್ನ ಹಾಲು ಬತ್ತಿಹೋಯಿತು. ಮಳೆಗಾಲದಲ್ಲಿ ಮಗುವಿಗೆ ಎರಡು ಸಲ ವಾಂತಿಭೇದಿಯಾಯಿತು. ಎರಡನೆಯ ಸಲ ಕಣ್ಣು ಒಳಸೇರಿದ ಕೂಸನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಲಬುರಗಿಗೆ ಹೋದ ದಾರಿ ನನಗೆ ಇಂದಿಗೂ ನೆನಪಿದೆ. ಅವನು ಬದುಕಿದ. ಈಗ ಅವನ ಮೀಸೆಯಲ್ಲಿ ನರೆ ಕಾಣುತ್ತಿದೆ. ಆದರೂ 'ನನ್ನಲ್ಲಿ ಹಾಲಿರಲಿಲ್ಲ' ಎಂಬ ಕೊರಗು ಬಹಳ ಕಾಲ ನನ್ನನ್ನು ಬಿಡಲಿಲ್ಲ.

ಈ ಅಂಜಿಕೆ ಡಬ್ಬಿಗಿಂತ ಬಹಳ ಹಳೆಯದು. ಕೋಪ, ಶೋಕ, ವಾತ್ಸಲ್ಯದ ಅಭಾವ ಇವುಗಳಿಂದ ಎದೆಹಾಲು ಕುಂದುತ್ತದೆಂದು ಸುಶ್ರುತ ಸಂಹಿತೆ ಹೇಳಿದೆ. ಇದನ್ನು ಓದಿದಾಗ ನನಗೆ ಅಮೆರಿಕದಲ್ಲಿ 1948ರಲ್ಲಿ ಪ್ರಕಟವಾದ ನ್ಯೂಟನ್ ದಂಪತಿಗಳ ಪ್ರಯೋಗ ನೆನಪಾಯಿತು. ಹಾಲೂಡಿಸುವ ತಾಯಿಯೊಬ್ಬಳ ಕಾಲನ್ನು ಮಂಜಿನ ನೀರಿನಲ್ಲಿ ಇರಿಸಿ, ಕಾಲ್ಬೆರಳು ಎಳೆದು, ಲೆಕ್ಕ ಕೇಳಿ ಪೀಡಿಸಿದರು. (ಗಣಿತದ ಮೇಷ್ಟ್ರುಗಳು ಗಮನಿಸಬೇಕು.) ನೆಮ್ಮದಿಯಿಂದಿದ್ದಾಗ ಸರಾಸರಿ 168 ಗ್ರಾಂ ಹಾಲು ಕುಡಿಯುತ್ತಿದ್ದ ಮಗುವಿಗೆ ಆಗ ಸಿಕ್ಕಿದ್ದು 99 ಗ್ರಾಂ. ಅದೇ ಪೀಡೆಯ ನಡುವೆ ತಾಯಿಗೆ ಆಕ್ಸಿಟೋಸಿನ್ ಚುಚ್ಚಿದಾಗ ಅದು 153 ಗ್ರಾಮಿಗೆ ಏರಿತು. ಹಾಲು ಒಳಗಿತ್ತು, ಇಳಿಯುತ್ತಿರಲಿಲ್ಲ ಅಷ್ಟೆ. ಸುತ್ತ ನಿಂತು 'ಹಾಲು ಸಾಲದು' ಎಂದು ದಿನವಿಡೀ ಹೇಳುವವರು ಏನು ಮಾಡುತ್ತಾರೆಂಬುದನ್ನು ಇದರಿಂದ ಊಹಿಸಬಹುದು.

ಬಡತನವೇ ಕಾರಣವೆನ್ನುವವರಿಗೂ ಒಂದು ಮಾತು. ಪೋಷಣ ಸಂಶೋಧನಾಲಯವು ಕೂನೂರಿನಿಂದ ಹೈದರಾಬಾದಿಗೆ ಬಂದದ್ದು 1958ರಲ್ಲಿ. ಅದೇ ವರ್ಷ ಅಲ್ಲಿನ ಡಾ. ಸಿ. ಗೋಪಾಲನ್ ಅವರು ಬಡ ತಾಯಂದಿರ ಹಾಲೂಡಿಕೆಯ ಬಗ್ಗೆ ತಮ್ಮ ಅಧ್ಯಯನ ಪ್ರಕಟಿಸಿದರು. ಅರೆಹೊಟ್ಟೆಯ ತಾಯಂದಿರೂ ತಿಂಗಳುಗಟ್ಟಲೆ ದಿನಕ್ಕೆ ಸುಮಾರು ಅರ್ಧ ಲೀಟರು ಹಾಲು ಕೊಡುತ್ತಿದ್ದರು. ಸವೆಯುತ್ತಿದ್ದುದು ಅವರದೇ ಮೈ. ಬಾಣಂತಿಗೆ ಹೊಟ್ಟೆತುಂಬ ಉಣ್ಣಲು ಕೊಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಹಾಗಾದರೆ ನನ್ನ ಹಾಲು ಬತ್ತಿದ್ದೇಕೆ? ಬೇಸಿಗೆಯಲ್ಲಿ ಭೀಮಾ ನದಿಯ ಮರಳಿನಲ್ಲಿ ಒರತೆ ತೋಡುವುದನ್ನು ನೀವು ನೋಡಿದ್ದೀರಿ. ಮೊಗೆದಷ್ಟೂ ನೀರು ಬಂದು ನಿಲ್ಲುತ್ತದೆ, ಮೊಗೆಯದೆ ಬಿಟ್ಟರೆ ಮರಳು ಮುಚ್ಚುತ್ತದೆ. ಎದೆಹಾಲೂ ಹಾಗೆಯೇ. ಹಸುಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯಬೇಕು. ಡಬ್ಬಿಯ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಖಾಲಿ ಮಾಡುವುದಿಲ್ಲ, ಖಾಲಿಯಾಗದ ಎದೆ ಮರುದಿನ ಅಷ್ಟು ತುಂಬುವುದಿಲ್ಲ. ಸಾಲದೆಂದು ಕೊಟ್ಟ ಡಬ್ಬಿಯೇ ಸಾಲದಂತೆ ಮಾಡುತ್ತದೆ.

ಆ ಗಡಿಯಾರ ಎಲ್ಲಿಂದ ಬಂತು ಎಂಬುದೂ ಚರಿತ್ರೆಯೇ. ನ್ಯೂಜಿಲೆಂಡಿನಲ್ಲಿ 1907ರಲ್ಲಿ ಪ್ಲಂಕೆಟ್ ಸೊಸೈಟಿ ಸ್ಥಾಪಿಸಿದ ಟ್ರೂಬಿ ಕಿಂಗ್ ಎಂಬ ವೈದ್ಯರು ನಾಲ್ಕು ಗಂಟೆಗೊಮ್ಮೆ ಹಾಲು ಎಂಬ ಶಿಸ್ತನ್ನು ಪ್ರಚಾರ ಮಾಡಿದರು. ಅವರು ಎದೆಹಾಲಿನ ವಿರೋಧಿಯಲ್ಲ, ಪಕ್ಷಪಾತಿ. ಆದರೆ ಗಡಿಯಾರವನ್ನು ಕೂಸಿಗಿಂತ ಹೆಚ್ಚು ನಂಬಿದರು. ಮಕ್ಕಳನ್ನು ಎತ್ತಿ ಮುದ್ದಾಡಬೇಡಿರೆಂದು 1928ರಲ್ಲಿ ಪುಸ್ತಕ ಬರೆದ ಜೆ. ಬಿ. ವಾಟ್ಸನ್ ಅವರ ಹೆಸರನ್ನು ಬಿ.ಎಡ್. ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದೆ. ಆ ಮಾತಿನ ನೆರಳು ನನ್ನ ಬಾಣಂತನದ ಮೇಲೆ ಬಿದ್ದೀತೆಂದು ಆಗ ತಿಳಿದಿರಲಿಲ್ಲ.

ಡಬ್ಬಿಯ ಹುಟ್ಟು ಯುರೋಪಿನಲ್ಲಿ. ಜರ್ಮನಿಯ ಲೀಬಿಗ್ 1860ರ ದಶಕದಲ್ಲಿ ಶಿಶು ಆಹಾರದ ಸೂತ್ರವೊಂದನ್ನು ರೂಪಿಸಿದರು, 1867ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲುಹಿಟ್ಟು ತಯಾರಿಸಿದರು. ನಮ್ಮ ಪಾಲಿಗೆ ಈ ಕಥೆ ಮೈಸೂರಿನ ಮೂಲಕ ಹಾಯುತ್ತದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿಯಿತು, ಆನಂದದ ಅಮೂಲ್ ಅದನ್ನು ಮಾರುಕಟ್ಟೆಗೆ ತಂದಿತು. ವಿದೇಶಿ ಡಬ್ಬಿಯ ಆಮದನ್ನು ತಪ್ಪಿಸಿದ ಸಾಧನೆ ಅದು. ತಾಯಿಯನ್ನು ಕಳೆದುಕೊಂಡ ಎಷ್ಟೋ ಕೂಸುಗಳನ್ನು ಡಬ್ಬಿ ಉಳಿಸಿದೆ, ಅದನ್ನು ಶತ್ರುವೆಂದು ನಾನು ಕರೆಯುವುದಿಲ್ಲ. ತೊಂದರೆಯಿದ್ದುದು ಅದನ್ನು ಕದಡುವ ನೀರಿನಲ್ಲಿ. ನಮ್ಮ ಭಾಗದಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದು ಕಾಲಲ್ಲಿ ನಾರುಹುಣ್ಣು ಎದ್ದವರನ್ನು ಹಿರಿಯರೆಲ್ಲ ಬಲ್ಲರು. ದೇಶದ ಕೊನೆಯ ನಾರುಹುಣ್ಣಿನ ಪ್ರಕರಣ ಕಂಡದ್ದು 1996ರಲ್ಲಿ. ಅಂಥ ನೀರಿನ ನಾಡಿನಲ್ಲಿ ಸೀಸೆಯನ್ನು ಕುದಿಸುವಷ್ಟು ಸೌದೆಯಾದರೂ ಎಷ್ಟು ಮನೆಗಳಲ್ಲಿತ್ತು? ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿಯೇ ಸಿಂಗಪುರದ ಭಾಷಣವೊಂದರಲ್ಲಿ ಇಂಥ ಮಾರಾಟವನ್ನು ಕೊಲೆಗೆ ಸಮನೆಂದು ಹೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಮಾರಾಟ ಸಂಹಿತೆ ತಂದದ್ದು 1981ರಲ್ಲಿ, ನಮ್ಮ ಸಂಸತ್ತು ಕಾಯಿದೆ ಮಾಡಿದ್ದು 1992ರಲ್ಲಿ. ಡಬ್ಬಿಯ ಮೇಲಿನ ಗುಂಡುಗುಂಡಾದ ಕೂಸಿನ ಚಿತ್ರ ಆ ಕಾಯಿದೆಯಿಂದ ಮಾಯವಾಯಿತು. 1986ರಲ್ಲಿ ಆ ಕೂಸು ದಿನವೂ ನನ್ನ ಕೂಸನ್ನು ಅಣಕಿಸುತ್ತಿತ್ತು.

ಇನ್ನು ತಕ್ಕಡಿ. ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಆರಂಭವಾಯಿತು. ಅಲ್ಲಿ ಬಳಸಿದ ತೂಕದ ವರ್ಗೀಕರಣಕ್ಕೆ ಆಧಾರ ಹಾರ್ವರ್ಡ್ ಮಾನಕ, ಎಂದರೆ 1930ರ ದಶಕದ ಬಾಸ್ಟನ್ ನಗರದ ಮಕ್ಕಳು! 1978ರಿಂದ ಜಗತ್ತಿಗೆಲ್ಲ ಮಾದರಿಯಾದ ಇನ್ನೊಂದು ನಕ್ಷೆಯ ಶಿಶುಗಳು ಓಹಾಯೊ ರಾಜ್ಯದ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಊರಿನವರು, ಬಹುತೇಕ ಸೀಸೆಹಾಲು ಕುಡಿದವರು. ಅವರ ರೇಖೆಯ ಪಕ್ಕದಲ್ಲಿಟ್ಟರೆ ಎದೆಹಾಲಿನ ಮಗು ಮೂರು ತಿಂಗಳ ನಂತರ ಹಿಂದೆ ಬಿದ್ದಂತೆ ಕಾಣುತ್ತಿತ್ತು. ಕೂಸು ಸರಿಯಿತ್ತು, ಗೆರೆ ಬೇರೆಯವರದಾಗಿತ್ತು. 1997ರಿಂದ 2003ರವರೆಗೆ ದೆಹಲಿಯೂ ಸೇರಿ ಆರು ದೇಶಗಳ ಆರು ಊರುಗಳಲ್ಲಿ ಎದೆಹಾಲುಂಡ ಸುಮಾರು 8,500 ಮಕ್ಕಳನ್ನು ಅಳೆದು, 2006ರ ಏಪ್ರಿಲ್‌ನಲ್ಲಿ ಹೊಸ ಮಾನಕ ಪ್ರಕಟಿಸಿದರು. 2008ರಲ್ಲಿ ನಮ್ಮ ಅಂಗನವಾಡಿಗಳೂ ಅದನ್ನು ಒಪ್ಪಿಕೊಂಡವು.

ಆದರೆ ಹೊಸ ಗೆರೆ ಎಲ್ಲ ತಾಯಂದಿರಿಗೂ ಸಮಾಧಾನ ಹೇಳುತ್ತದೆಂದು ತಿಳಿಯಬಾರದು. ಎದೆಹಾಲಿನ ಕೂಸು ಮೊದಲ ಎರಡು ಮೂರು ತಿಂಗಳು ಚುರುಕಾಗಿಯೇ ಬೆಳೆಯುತ್ತದೆ. ಆದ್ದರಿಂದ ಹೊಸ ನಕ್ಷೆ ಆ ಅವಧಿಯಲ್ಲಿ ಹಳೆಯದಕ್ಕಿಂತ ಕಟ್ಟುನಿಟ್ಟು. ಹುಟ್ಟಿದ ಕೂಸು ಮೊದಲ ಕೆಲವು ದಿನ ತೂಕ ಕಳೆದುಕೊಳ್ಳುವುದು ಸಹಜ. ನೂರಕ್ಕೆ ಏಳರವರೆಗಿನ ಇಳಿತ ಸಾಮಾನ್ಯ, ಹತ್ತನ್ನು ಮುಟ್ಟಿದರೆ ತಡಮಾಡದೆ ತೋರಿಸಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಅನಂತರ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಐದನೆಯ ದಿನದ ಮೇಲೆ ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾಗಬೇಕು. ಕೂಸು ಮಂಕಾಗಿ ಕುಡಿಯದೆ ಮಲಗಿದ್ದರೆ ಚರಿತ್ರೆ ಓದುತ್ತ ಕೂಡದೆ ಆಸ್ಪತ್ರೆಗೆ ಓಡಬೇಕು. ನಿಜವಾಗಿಯೂ ಹಾಲು ಕಡಿಮೆಯಿರುವ ತಾಯಂದಿರೂ ಇದ್ದಾರೆ. ವೈದ್ಯರು ನೋಡಿ ಡಬ್ಬಿ ಬೇಕೆಂದರೆ ಅದರಲ್ಲಿ ನಾಚಿಕೆಯೇನಿಲ್ಲ.

ಶಹಾಪುರದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಯಾದಗಿರಿಯಲ್ಲಿ ಮಕ್ಕಳ ವೈದ್ಯರು ಕೂಸನ್ನು ಪರೀಕ್ಷಿಸಿ, ತಾಯಿ ಹಾಲೂಡಿಸುವುದನ್ನು ಎದುರಿಗೆ ಕುಳಿತು ನೋಡಿದರಂತೆ. ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿತ್ತು. ಬಾಯಿ ಅಗಲ ತೆರೆಸಿ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಯುವುದನ್ನು ದಾದಿಯೊಬ್ಬರು ಅರ್ಧ ಗಂಟೆ ಕೂತು ಕಲಿಸಿದರು. ರಾತ್ರಿಯೂ ಎಬ್ಬಿಸಿ ಕುಡಿಸಿರಿ, ಎರಡು ದಿನ ಬಿಟ್ಟು ತೂಕಕ್ಕೆ ತನ್ನಿರಿ ಎಂದರು. ಹದಿನಾಲ್ಕನೆಯ ದಿನ 2 ಕಿಲೊ 780. ಇನ್ನೂ 20 ಗ್ರಾಂ ಬಾಕಿ ಎಂದು ಅವಳ ಧ್ವನಿಯಲ್ಲಿ ಅಂಜಿಕೆಯಿತ್ತು. ಇಪ್ಪತ್ತೊಂದನೆಯ ದಿನ 2 ಕಿಲೊ 960. ಅಂದು ದೂರವಾಣಿ ಎತ್ತಿದವರು ಅವಳ ಅತ್ತೆ. ತಂದಿಟ್ಟ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲವಂತೆ. ಅಂಗಡಿಯವ ವಾಪಸು ತೆಗೆದುಕೊಂಡಾನೆಯೆ ಎಂದು ನನ್ನನ್ನೇ ಕೇಳಿದರು.