ಮಂಜೊಟ್ಟಿಯ ಮೈಕು

ಹೊಸಕೋಟೆಯನ್ನು ಹಾದು ಕೋಲಾರದ ಕಡೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 75 ಶುರುವಾಗುವುದು ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ಹೊಸಕೋಟೆಯ ಬಳಿ 1998ರಿಂದ ವೋಲ್ವೊ ಲಾರಿಗಳು ತಯಾರಾಗುತ್ತಿವೆ. ಇಷ್ಟು ಎಂಜಿನ್ ಕಂಡ ಸೀಮೆಯಲ್ಲೂ ಕಾರ್ ರೇಸಿನ ಕೊನೆಯ ಸುತ್ತನ್ನು ಕನ್ನಡದಲ್ಲಿ ಬಣ್ಣಿಸುವ ಕಸುಬು ಬೇರೂರಲಿಲ್ಲ. ಅಂಥದ್ದೊಂದು ಕಸುಬು ಬೇರೂರಿದ್ದು ಹೆದ್ದಾರಿಯ ಆ ತುದಿಯಲ್ಲಿ, ಅದೂ ಕೋಣಗಳ ಓಟಕ್ಕೆ.

ಕಂಬಳದಲ್ಲಿ ಕೋಣಗಳನ್ನು ಬಿಡುವ ಜಾಗ ಗಂತು, ಓಟ ಮುಗಿಯುವ ಜಾಗ ಮಂಜೊಟ್ಟಿ. ನಡುವೆ ನೀರು, ಕೆಸರು ತುಂಬಿದ ಎರಡು ಕರೆಗಳು, ಅಂದರೆ ಓಟದ ಹಾದಿಗಳು. ಪ್ರತಿ ಊರಿನ ಜೋಡುಕರೆಗೂ ಜೋಡಿ ಹೆಸರಿದೆ: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಮಿಯಾರಿನಲ್ಲಿ ಲವ-ಕುಶ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಹೀಗಾಗಿ ವೀಕ್ಷಕ ವಿವರಣೆಗಾರ ಎಡ, ಬಲ ಎನ್ನಬೇಕಿಲ್ಲ. ಲವ ಕರೆಯಲ್ಲಿ ಇಂಥ ಮನೆಯವರ ಕೋಣ, ಕುಶ ಕರೆಯಲ್ಲಿ ಇಂಥವರದು ಎಂದರೆ ಗದ್ದೆಯ ಆಚೆ ಚಹಾ ಕುಡಿಯುತ್ತಿದ್ದವನಿಗೂ ಚಿತ್ರ ಸಿಕ್ಕಿಬಿಡುತ್ತದೆ. ತುಳುವಿನಲ್ಲಿ ಶುರುವಾದ ವಾಕ್ಯ ಕನ್ನಡದಲ್ಲಿ ಮುಗಿದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ.

ಓಟದ ಆಯುಷ್ಯ ಹದಿಮೂರು ಹದಿನಾಲ್ಕು ಸೆಕೆಂಡು. ಅಷ್ಟರೊಳಗೆ ಯಜಮಾನನ ಹೆಸರು, ಓಡಿಸುವವನ ಹೆಸರು, ಯಾರು ಮುಂದು ಎಂಬ ಸುದ್ದಿ, ಎಲ್ಲವೂ ಬಾಯಿಂದ ಹೊರಬೀಳಬೇಕು. ಇದು ರಾತ್ರಿಯೆಲ್ಲ ನಡೆದು, ಫೈನಲ್ ಬರುವ ಹೊತ್ತಿಗೆ ಮರುದಿನವಾಗಿರುತ್ತದೆ. ಕನೆಹಲಗೆ ವಿಭಾಗದ ಲೆಕ್ಕವೇ ಬೇರೆ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಿತೇ ಎಂಬುದಷ್ಟೇ ಪ್ರಶ್ನೆ. ಆರೂವರೆ ಕೋಲಿನ ನಿಶಾನೆಯೋ ಏಳೂವರೆಯದೋ ಎಂದು ತೀರ್ಪುಗಾರರು ಹೇಳುವವರೆಗೆ ಮೈಕು ಹಿಡಿದವನು ನಾಲಿಗೆ ಬಿಗಿಹಿಡಿಯಲೇಬೇಕು. ಆ ಸಂಯಮ ಎಲ್ಲರಿಗೂ ಬರುವಂಥದ್ದಲ್ಲ.

ಕನ್ನಡದ ಕಿವಿಗೆ ಇಂಥ ವಿವರಣೆಯ ರುಚಿ ಹತ್ತಿಸಿದ್ದು ರೇಡಿಯೊ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ತೆರೆದರು. ಮುಂದೆ ದಸರೆಯ ಜಂಬೂಸವಾರಿಯ ವಿವರಣೆ ಮನೆಮನೆಗೆ ತಲುಪಿತು. ಆದರೆ ಆನೆ ನಡೆಯುತ್ತದೆ, ಕೋಣ ಓಡುತ್ತದೆ. ಜಂಬೂಸವಾರಿಯ ವಿವರಣೆಗೆ ಉಪಮೆ, ಇತಿಹಾಸ, ಅಲಂಕಾರ ಎಲ್ಲಕ್ಕೂ ಪುರುಸೊತ್ತಿದೆ. ಕಂಬಳದಲ್ಲಿ ಉಪಮೆ ಹುಡುಕಲು ಹೋದರೆ ಕೋಣ ಆಗಲೇ ಮಂಜೊಟ್ಟಿ ಹತ್ತಿರುತ್ತದೆ.

ಅಂತಿಮ ಕ್ಷಣ ಕೈತಪ್ಪಬಹುದೆಂಬ ದಿಗಿಲು ಟಿವಿಯವರಿಗೂ ಹೊಸದಲ್ಲ. ಅಮೆರಿಕದ ಸ್ಟಾಕ್ ಕಾರ್ ಓಟಗಳಲ್ಲಿ ದೊಡ್ಡದಾದ ಡೇಟೋನಾ 500 ಅನ್ನು ಸಿಬಿಎಸ್ ವಾಹಿನಿ ಮೊದಲಿನಿಂದ ಕೊನೆಯವರೆಗೆ ನೇರವಾಗಿ ತೋರಿಸಿದ್ದು 1979ರ ಫೆಬ್ರವರಿ 18ರಂದು. ಮೈಕಿನ ಮುಂದಿದ್ದವರು ಕೆನ್ ಸ್ಕ್ವಯರ್. ಕೊನೆಯ ಸುತ್ತಿನಲ್ಲಿ ಮುಂದಿದ್ದ ಡಾನಿ ಆಲಿಸನ್ ಮತ್ತು ಕೇಲ್ ಯಾರ್ಬರೊ ಪರಸ್ಪರ ಗುದ್ದಿಕೊಂಡು ಗೋಡೆಗೆ ಬಡಿದರು. ಎಲ್ಲರ ಕಣ್ಣೂ ಆ ಇಬ್ಬರ ಮೇಲಿದ್ದಾಗ, ಗೆಲ್ಲಬೇಕಾದವನು ಬಹಳ ಹಿಂದಿದ್ದ. ಸ್ಕ್ವಯರ್ ಸದ್ಯದ ಗದ್ದಲ ಬಿಟ್ಟು ಹಿಂದಿನವರತ್ತ ಹೊರಳಿ, ರಿಚರ್ಡ್ ಪೆಟಿ ಗೆರೆ ದಾಟಿದ್ದನ್ನು ಹೇಳಬೇಕಾಯಿತು. ಅತ್ತ ಗೆರೆಯಿಂದ ದೂರದಲ್ಲಿ ಚಾಲಕರು ಕೈಕೈ ಮಿಲಾಯಿಸಿದ್ದರು! ಹಿಮದಿಂದಾಗಿ ಮನೆಯಲ್ಲೇ ಕುಳಿತಿದ್ದ ಪೂರ್ವ ಅಮೆರಿಕದ ಜನ ಅದನ್ನೂ ನೋಡಿದರು.

ಇತ್ತ ಕಂಬಳದ ಜೋಡುಕರೆಯಲ್ಲಿ ಗೆದ್ದವರಾರೆಂದು ಬಹುಕಾಲ ಹೇಳಿದ್ದು ಮಂಜೊಟ್ಟಿಯಲ್ಲಿ ನಿಂತವರ ಕಣ್ಣು. ಕೋಣದ ಮೂಗು ಮುಂದಿತ್ತೋ ಇಲ್ಲವೋ ಎಂಬ ಜಗಳ ಹೊತ್ತು ಮೀರಿ ಎಳೆಯುವುದೂ ಇತ್ತು. ಆಮೇಲೆ ವಿಡಿಯೊ ಬಂತು, ಲೇಸರ್ ಕಿರಣ ಬಂತು, ಸೆಕೆಂಡಿನ ನೂರನೇ ಒಂದು ಭಾಗ ಪರದೆಯ ಮೇಲೆ ಮೂಡಿತು. 2020ರ ಫೆಬ್ರವರಿ 1ರಂದು ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ಜಗತ್ತು ಸುತ್ತಿದ್ದು ಇಂಥ ಲೆಕ್ಕದಿಂದಲೇ. ಅದನ್ನು ಉಸೇನ್ ಬೋಲ್ಟ್ ದಾಖಲೆಯ ಜೊತೆ ತೂಗಿದ್ದು ಸರಿಯಲ್ಲ; ಮುಂದೆ ಎರಡು ಕೋಣಗಳು ಎಳೆಯುತ್ತಿದ್ದವಲ್ಲ! ಅದೇ ತಿಂಗಳ 16ರಂದು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರಿಗೆ 13.61 ಸೆಕೆಂಡು ತೆಗೆದುಕೊಂಡರು. ಲೇಸರ್ ಇಲ್ಲದಿದ್ದರೆ ಈ ಕೂದಲೆಳೆಯ ವ್ಯತ್ಯಾಸ ಯಾರಿಗೂ ತಿಳಿಯುತ್ತಿರಲಿಲ್ಲ.

2023ರ ಮೇ 18ರಂದು ಸುಪ್ರೀಂ ಕೋರ್ಟ್ ಕಂಬಳಕ್ಕೆ ಅವಕಾಶ ಕೊಡುವ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಆ ವರ್ಷದ ನವೆಂಬರ್ 25 ಮತ್ತು 26ರಂದು ಕೋಣಗಳು ಘಟ್ಟ ಹತ್ತಿ, ಹಾಸನದ ಮೇಲೆ ಬಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಓಡಿದವು. ಹೊಸಕೋಟೆಯಂಥ ಬಯಲುಸೀಮೆಯ ಊರಿಂದ ಹೋದವರಿಗೆ ಕರೆಯೂ ಹೊಸದು, ಹಲಗೆಯೂ ಹೊಸದು. ಯಾವ ಜೋಡಿ ಯಾರದೆಂದು ತಿಳಿಯಲು ಧ್ವನಿವರ್ಧಕವನ್ನೇ ನಂಬಬೇಕು.

ಸಮಯದ ಪಟ್ಟಿಗಳು ಈಗ ಮೊಬೈಲಿನಲ್ಲೇ ಉಳಿಯುತ್ತವೆ, ಹೊಸ ಓಟಗಳು ಯೂಟ್ಯೂಬಿನಲ್ಲೂ ಸಿಗುತ್ತವೆ. ಲೇಸರ್ ಬರುವ ಮೊದಲಿನ ರಾತ್ರಿಗಳ ದನಿಗಳಿಗೆ ಆ ಭಾಗ್ಯವಿಲ್ಲ. ಕರಾವಳಿಯ ಯಾರದಾದರೂ ಮನೆಯ ಅಟ್ಟದಲ್ಲಿ ಹಳೆಯ ಕಂಬಳದ ಕ್ಯಾಸೆಟ್ ಇದ್ದರೆ, ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ.