ಎನ್ಎ ಆಗೇತೇನ್ರಿ?

ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಕಟಕೋಳದ ಕಡೆ ಹೊಲದ ವ್ಯಾಪಾರದ ಮಾತು ಬಂದರೆ ಮೊದಲ ಪ್ರಶ್ನೆ ಮಣ್ಣಿನದಾಗಿರುತ್ತಿತ್ತು: ಎರಿಯೋ, ಮಸಾರಿಯೋ? ಎರಡನೆಯದು ನೀರಿನದು. ಈಗ ಹೊಲ ಊರಿಗೆ ಹೊಂದಿಕೊಂಡಿದ್ದರೆ, ಅದರಲ್ಲೂ ರಸ್ತೆ ಬದಿಗಿದ್ದರೆ, ಮಣ್ಣು ನೀರು ಎರಡೂ ಹಿಂದೆ ಬಿದ್ದು ಒಂದೇ ಪ್ರಶ್ನೆ ಮುಂದೆ ಬರುತ್ತದೆ: ‘ಎನ್ಎ ಆಗೇತೇನ್ರಿ?’

ಎರಡು ಇಂಗ್ಲಿಷ್ ಅಕ್ಷರ. ಬಿಡಿಸಿದರೆ ನಾನ್ ಅಗ್ರಿಕಲ್ಚರಲ್, ಬೇಸಾಯಕ್ಕಲ್ಲದ್ದು. ಹಾಗೆ ಬಿಡಿಸಿ ಹೇಳುವ ಗೋಜಿಗೆ ಇಲ್ಲಿ ಯಾರೂ ಹೋಗುವುದಿಲ್ಲ. ಕನ್ನಡದ ವಿಭಕ್ತಿಗಳನ್ನೆಲ್ಲ ಹಚ್ಚಿಕೊಂಡು ಅದು ಮನೆಮಾತಾಗಿದೆ: ಎನ್ಎಕ್ಕ ಹಾಕ್ಯಾರ, ಎನ್ಎ ಮಾಡಿಸ್ಯಾರ, ಎನ್ಎದಾಗ ಐತಿ. ಜೋಳದ ಎರಡು ಹೊಲ ಒತ್ತೊತ್ತಿಗೆ ಇದ್ದು ಒಂದಕ್ಕೆ ಮಾತ್ರ ಈ ಮುದ್ರೆ ಬಿದ್ದರೆ, ಬದುವಿನ ಈ ಕಡೆ ಎಕರೆ ಲೆಕ್ಕ, ಆ ಕಡೆ ಚದರಡಿ ಲೆಕ್ಕ.

ಈ ಮಾತು ಬೆಂಗಳೂರಿನಿಂದ ಬಂದದ್ದಲ್ಲ. ಅಲ್ಲಿ ಇದೇ ಕೆಲಸಕ್ಕೆ ‘ಡಿಸಿ ಕನ್ವರ್ಷನ್’ ಅನ್ನುತ್ತಾರೆ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ರಾಮದುರ್ಗ ಸಂಸ್ಥಾನ 1948ರಲ್ಲಿ ಅದೇ ಮುಂಬಯಿಗೆ ಸೇರಿತ್ತು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 65ನೇ ಕಲಮಿನಂತೆ ಸಾಗುವಳಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಕಲೆಕ್ಟರರ ಪರವಾನಗಿ ಬೇಕಿತ್ತು. ಆ ದಫ್ತರದ ಮಾತೇ ಎನ್ಎ. ಅದರ ಮರಾಠಿ ಜೋಡಿ ‘ಬಿನಶೇತಕಿ’. ಶೇತ ಅಂದರೆ ಹೊಲ, ಬಿನ್ ಅಂದರೆ ಇಲ್ಲದ್ದು. ಈ ಭಾಗದ ಹಳೆಯ ಖರೀದಿ ಪತ್ರಗಳಲ್ಲಿ ಅದು ಕನ್ನಡ ಲಿಪಿಯಲ್ಲೇ ಕಾಣಿಸುತ್ತದೆ. ಮಹಾರಾಷ್ಟ್ರದಲ್ಲಿ ಇಂದಿಗೂ ಎನ್ಎ ಪ್ಲಾಟೇ. ರಾಜ್ಯದ ಗಡಿ ಬದಲಾಯಿತು, 1964ರಲ್ಲಿ ಕರ್ನಾಟಕದ ಭೂಕಂದಾಯ ಕಾಯ್ದೆ ಬಂತು, ಕಲಂ 65 ಹೋಗಿ 95 ಆಯಿತು, ಸರ್ಕಾರ ‘ಕೃಷಿಯೇತರ’ ಅಂತ ಬರೆಯತೊಡಗಿತು. ಜನ ಮಾತ್ರ ಎನ್ಎ ಬಿಡಲಿಲ್ಲ.

ಬಿನಶೇತಕಿ, ಎನ್ಎ, ಕೃಷಿಯೇತರ: ಮೂರೂ ಮಾತುಗಳು ಭೂಮಿ ಇನ್ನು ಮುಂದೆ ಏನಲ್ಲ ಅನ್ನುವುದನ್ನಷ್ಟೇ ಹೇಳುತ್ತವೆ. ಏನಾಗುತ್ತದೆ ಅನ್ನುವುದನ್ನು ಒಂದೂ ಹೇಳುವುದಿಲ್ಲ. ತೊಂದರೆ ಹುಟ್ಟುವುದು ಇಲ್ಲೇ. ಇವು ಹುಟ್ಟಿದ್ದು ಕಂದಾಯದ ಮನೆಯಲ್ಲಿ. ಅಲ್ಲಿನ ಚಿಂತೆ ಆಕಾರ, ಅಂದರೆ ಭೂಮಿಯ ತೆರಿಗೆ, ಎಷ್ಟು ಹೆಚ್ಚೀತು ಅನ್ನುವುದು. ರಸ್ತೆ ಎಷ್ಟು ಅಗಲ, ಗಟಾರದ ನೀರು ಎತ್ತ ಹರಿಯಬೇಕು, ಉದ್ಯಾನಕ್ಕೆ, ಶಾಲೆಗೆ ಜಾಗ ಎಲ್ಲಿ ಅಂತ ಕೇಳುವುದು ಇನ್ನೊಂದು ಕಾನೂನು, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಎನ್ಎ ಆದೇಶ ಬೇರೆ, ಲೇಔಟಿನ ನಕ್ಷೆಗೆ ಮಂಜೂರಾತಿ ಬೇರೆ. ಆದೇಶದಲ್ಲಿ ಉದ್ದೇಶವೂ ಬರೆದಿರುತ್ತದೆ: ವಾಸಕ್ಕೋ, ವಾಣಿಜ್ಯಕ್ಕೋ, ಕೈಗಾರಿಕೆಗೋ. ವಾಸಕ್ಕೆ ಪಡೆದ ಎನ್ಎದಲ್ಲಿ ಗೋದಾಮು ಎಬ್ಬಿಸಿದರೆ ಅದು ಷರತ್ತಿನ ಉಲ್ಲಂಘನೆ. ಆದರೆ ಮಾರುವವರ ಬಾಯಲ್ಲಿ ಈ ಎಲ್ಲ ಭೇದಗಳೂ ಆ ಎರಡು ಅಕ್ಷರಗಳಲ್ಲಿ ಮುಚ್ಚಿಹೋಗುತ್ತವೆ.

ಎನ್ಎ ಆಗದ ಕಡೆ ಇನ್ನೊಂದು ಮಾತು ಓಡಾಡುತ್ತದೆ: ಗುಂಟೆ ಪ್ಲಾಟು. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಎಕರೆಗೆ ನಲವತ್ತು. ಮೂವತ್ತು–ನಲವತ್ತರ ಒಂದು ನಿವೇಶನಕ್ಕಿಂತ ಗುಂಟೆ ತುಸು ಚಿಕ್ಕದು, ಹಾಗಾಗಿ ಅದು ಮನೆ ಕಟ್ಟುವವನ ಕಣ್ಣಿಗೆ ಹೇಳಿ ಮಾಡಿಸಿದ ಅಳತೆ. ಹೊಲಕ್ಕೆ ಸುಣ್ಣದ ಗೆರೆ ಎಳೆದು ಕಲ್ಲು ನೆಟ್ಟು ಹಂಚಿಕೊಡುತ್ತಾರೆ. ಕೊಂಡವನ ಕೈಗೆ ಬರುವುದು ಬಹಳ ಸಲ ನೂರು ರೂಪಾಯಿಯ ಬಾಂಡಿನ ಮೇಲೆ ಬರೆದ ಕರಾರು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ಕೈಬದಲಾಗಲು ನೋಂದಣಿ ಬೇಕೇ ಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳಿದೆ. ಇತ್ತ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹಳೆಯ ಮಾಲೀಕನ ಹೆಸರೇ ಉಳಿದಿರುತ್ತದೆ. ಆತ ತೀರಿಕೊಂಡರೆ ಹೆಸರು ಮಕ್ಕಳಿಗೆ ಹೋಗುತ್ತದೆ, ಅವರ ನಡುವೆ ವಾಟ್ನಿ, ಅಂದರೆ ಪಾಲು, ನಡೆಯುತ್ತದೆ. ದುಡ್ಡು ಕೊಟ್ಟು ಮನೆ ಕಟ್ಟಿಸಿ ಹತ್ತು ವರ್ಷ ಬಾಳಿದವನು ಯಾವ ಕಾಗದದಲ್ಲೂ ಇರುವುದಿಲ್ಲ. 2013ರಲ್ಲಿ ಗ್ರಾಮ ಪಂಚಾಯಿತಿ ಆಸ್ತಿಗಳ ದಾಖಲೆಗೆ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಪಂಚಾಯಿತಿಯ ನಮೂನೆ ಕೇಳುವುದು ಶುರುವಾಯಿತು. ಬಾಂಡಿನವರಿಗೆ ತಾವು ನಿಂತ ಜಾಗ ಏನೆಂದು ಗೊತ್ತಾದದ್ದೂ ಆಗಲೇ.

ಅವರನ್ನೇ ತಪ್ಪುಗಾರರು ಅನ್ನುವುದು ಅನ್ಯಾಯ. ಊರಿನ ಗಾವಠಾಣ, ಅಂದರೆ ಮನೆಗಳಿಗೆ ಬಿಟ್ಟ ಜಾಗ, ಎಷ್ಟೋ ತಲೆಮಾರಿನ ಹಿಂದೆ ಗೊತ್ತು ಮಾಡಿದ್ದು. ಅದರೊಳಗೆ ಮನೆಗೆ ಎನ್ಎ ಬೇಡ. ಆದರೆ ಜಾಗ ಉಳಿದಿಲ್ಲ. ಅಜ್ಜನ ಒಂದು ಮನೆ ನಾಲ್ಕು ಪಾಲಾಗಿ ಒಡೆದಿದೆ. ಮಲಪ್ರಭೆಯ ದಂಡೆಯ ಊರುಗಳಿಗೆ ಇನ್ನೂ ಒಂದು ಸಂಕಟ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಎತ್ತರದ ಹೊಲಗಳನ್ನು ಕೊಂಡು ಹೊಸ ಊರು ಕಟ್ಟಿದರು. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ರಾಮದುರ್ಗಕ್ಕೂ ನುಗ್ಗಿತು. ಇಂಥ ಕಡೆ ಎಲ್ಲಿ ಮನೆ ಕಟ್ಟಬಾರದು ಅನ್ನುವುದು ನಕ್ಷೆಯಲ್ಲಿ ಮೊದಲೇ ಇರಬೇಕು. ಅದನ್ನು ಎನ್ಎ ಅರ್ಜಿ ಬಂದಾಗ ಒಂದೊಂದೇ ಸರ್ವೆ ನಂಬರಿಗೆ ಯೋಚಿಸಿದರೆ ಊರು ಆಗುವುದಿಲ್ಲ, ಪ್ಲಾಟುಗಳ ರಾಶಿ ಆಗುತ್ತದೆ.

ಸಂಚಕಾರ ಕೊಡುವ ಮುನ್ನ ‘ಎನ್ಎ ಆಗೇತೇನ್ರಿ’ ಅಂತ ಕೇಳಿ, ಬೇಡ ಅನ್ನುವುದಿಲ್ಲ. ‘ಹೌದ್ರಿ’ ಅಂದಾಗ ಅಲ್ಲಿಗೇ ನಿಲ್ಲಬೇಡಿ. ಯಾವುದಕ್ಕಂತ ಆಗೇತಿ, ಆದೇಶದ ಪ್ರತಿ ಕೊಡ್ರಿ, ಮಂಜೂರಾದ ಲೇಔಟ್ ನಕಾಶೆ ತೋರಸ್ರಿ, ಅದರಾಗ ನನ್ನ ಪ್ಲಾಟಿನ ನಂಬರ್ ಯಾವುದು ಅಂತ ಕೇಳಿ. ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಒಮ್ಮೆ ಹೊಲಕ್ಕೆ ಹೋಗಿ ನಿಂತು, ಕಾಗದದ ಮೇಲಿನ ರಸ್ತೆ ನೆಲದ ಮೇಲೂ ಇದೆಯೇ ನೋಡಿ ಬನ್ನಿ.